ಒಂದು ಬಾಗಿಲು, ನೂರು ಮನೆ

ಅಂಚೆಯ ವಿಳಾಸಕ್ಕೆ ಒಂದು ಸ್ಥೈರ್ಯವಿದೆ. ಬೀದರ ನಗರಕ್ಕೆ 585401, ಭಾಲ್ಕಿಗೆ 585328, ಔರಾದಿಗೆ 585326 ಎಂದು ಬರೆದು ಹಾಕಿದ ಕಾಗದ ಇಂದು ಹೇಗೋ ನಾಳೆಯೂ ಹಾಗೆಯೇ ಮನೆ ಮುಟ್ಟುತ್ತದೆ. ಆದರೆ ಅದೇ ಮನೆಗೆ ಗಾಜಿನ ಎಳೆಯ ಮೂಲಕ ಅಂತರ್ಜಾಲ ಬಂದ ದಿನವೇ ಇನ್ನೊಂದು ವಿಳಾಸವೂ ಬಂದಿರುತ್ತದೆ. ಮನೆಯ ಯಜಮಾನನು ಅದನ್ನು ಕಂಡಿರುವುದಿಲ್ಲ. ಅದು ಎಂದು ಬದಲಾಯಿತೆಂಬುದೂ ಅವನಿಗೆ ತಿಳಿಯದು. ಕಾಣದ ಆ ವಿಳಾಸ ಒಮ್ಮೊಮ್ಮೆ ಮನೆಯ ನೆಮ್ಮದಿಗೇ ಸಂಚಕಾರ ತರಬಲ್ಲುದು.

ಭಾಲ್ಕಿಯ ಒಂದು ಮಧ್ಯಮ ವರ್ಗದ ಮನೆಯನ್ನೇ ನೋಡಬಹುದು. ಹಿರಿಯ ಮಗಳು ಸರಕಾರಿ ಹುದ್ದೆಯೊಂದಕ್ಕೆ ಅರ್ಜಿ ತುಂಬುತ್ತಿದ್ದಾಳೆ. ಮರುದಿನವೇ ಕಡೆಯ ದಿನ. ಎರಡು ಪುಟ ಮುಗಿದು ಮೂರನೆಯದಕ್ಕೆ ಬರುವಷ್ಟರಲ್ಲಿ ಪರದೆಯ ಮೇಲೆ ಒಂದು ನಿಷ್ಠುರ ವಾಕ್ಯ ಮೂಡಿತು: ಈ ಐಪಿ ವಿಳಾಸದಿಂದ ಸಂಶಯಾಸ್ಪದವಾದ ಕೋರಿಕೆಗಳು ಬಂದಿರುವುದರಿಂದ ಪ್ರವೇಶವಿಲ್ಲ. ಹುಡುಗಿಯ ಕಣ್ಣಲ್ಲಿ ನೀರು. ತಂದೆಯ ದೃಷ್ಟಿ ಸಹಜವಾಗಿಯೇ ರಾತ್ರಿಯೆಲ್ಲ ಕಂಪ್ಯೂಟರಿನ ಮುಂದೆ ಕೂಡುವ ಕಿರಿಯ ಮಗನತ್ತ ತಿರುಗಿತು.

"ಖರೇ ಹೇಳು, ಏನ್ ಮಾಡ್ಲತ್ತಿದ್ದಿ?"

"ನಾ ಏನೂ ಮಾಡಿಲ್ಲ ಅಪ್ಪಾ, ಆಣಿ ಮಾಡಿ ಹೇಳ್ತೀನಿ."

ಆಣೆಯನ್ನು ನಂಬುವ ಸ್ಥಿತಿಯಲ್ಲಿ ತಂದೆ ಇರಲಿಲ್ಲ. ಅಂದು ಆ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ.

ಬೀದರಿನಿಂದ ಬಂದಿದ್ದ ಹುಡುಗನ ಸೋದರಮಾವ ಈ ವಿದ್ಯೆಯನ್ನು ಬಲ್ಲವರು. ಅವರು ಮೊದಲು ಮನೆಯ ಮೂಲೆಯಲ್ಲಿ ಮಿನುಗುವ ರೌಟರ್ ಪೆಟ್ಟಿಗೆಯ ಪುಟವನ್ನು ತೆರೆದು, ಅದಕ್ಕೆ ಹೊರಗಿನಿಂದ ದೊರೆತ ಸಂಖ್ಯೆಯನ್ನು ಓದಿದರು. ಅದು 100.72 ಎಂದು ಆರಂಭವಾಗಿತ್ತು. ಬಳಿಕ, ನಮ್ಮ ವಿಳಾಸ ಹೊರಜಗತ್ತಿಗೆ ಹೇಗೆ ಕಾಣುತ್ತದೆಂದು ತೋರಿಸುವ ತಾಣವೊಂದನ್ನು ನೋಡಿದರು. ಅಲ್ಲಿ ಬೇರೆಯೇ ಸಂಖ್ಯೆ!

"ಹುಡುಗಂದೇ ತಪ್ಪು ಅನ್ಬ್ಯಾಡ್ರಿ, ಭಾವಾ. ಹೊರಗ ಕಾಣೋ ಈ ನಂಬರ್ ನಿಮ್ಮೊಬ್ಬರದೇ ಅಲ್ರಿ, ಇನ್ನೂ ಎಷ್ಟೋ ಮನಿಯವ್ರದೂ ಇದೇ ನಂಬರ್" ಎಂದರು ಅವರು.

ಈ ಮಾತಿನ ಮರ್ಮವನ್ನು ಅರಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1981ರಲ್ಲಿ ನಿಯಮಬದ್ಧವಾದ ಐಪಿ ವಿಳಾಸದಲ್ಲಿ ನಾಲ್ಕು ಸಂಖ್ಯೆಗಳು. ಒಂದೊಂದೂ 0ಯಿಂದ 255ರ ವರೆಗೆ. ಒಟ್ಟು ಲೆಕ್ಕ 429 ಕೋಟಿ 49 ಲಕ್ಷ 67 ಸಾವಿರದ 296. ಅಂದಿಗೆ ಅದು ಅಕ್ಷಯಪಾತ್ರೆಯೆಂದೇ ತೋರಿದ್ದಿರಬೇಕು. ಆದರೆ 2011ರ ಫೆಬ್ರವರಿ 3ರಂದು ಜಾಗತಿಕ ಭಂಡಾರದ ಕೊನೆಯ ಕಂತುಗಳು ಹಂಚಿಹೋದವು. 2012ರಲ್ಲಿ, ಒಂದೇ ಹೊರವಿಳಾಸದ ಹಿಂದೆ ಅನೇಕ ಮನೆಗಳನ್ನು ಇರಿಸುವ ಏರ್ಪಾಡಿಗಾಗಿ, 100.64ರಿಂದ 100.127ರ ವರೆಗಿನ ಸಂಖ್ಯೆಗಳನ್ನು ಪ್ರತ್ಯೇಕವಾಗಿ ಕಾದಿರಿಸಲಾಯಿತು. ಭಾಲ್ಕಿಯ ಪೆಟ್ಟಿಗೆಯಲ್ಲಿ ಕಂಡುದು ಈ ಒಳಸಂಖ್ಯೆಗಳಲ್ಲೊಂದು.

ಬೀದರಿನವರಿಗೆ ಇದನ್ನು ತಿಳಿಸಲು ದೂರದ ಉಪಮಾನ ಬೇಕಿಲ್ಲ. ನೌಬಾದಿನ ಬಳಿ ಬಹಮನಿಗಳ ಕಾಲದ ಕರೇಜ್ ಇದೆ: ನೆಲದಡಿಯಲ್ಲಿ ಹರಿಯುವ ಕಾಲುವೆ ಒಂದು, ಅದರ ಮೇಲೆ ಅಲ್ಲಲ್ಲಿ ಬಾಯಿ ತೆರೆದ ಬಾವಿಗಳು ಹಲವು. ಕೊಡ ಇಳಿಬಿಡುವವನಿಗೆ ಬಾವಿ ತನ್ನದೆನಿಸುತ್ತದೆ. ಆದರೆ ಮೇಲಿನ ಬಾವಿಯಲ್ಲಿ ಹೊಲಸು ಬಿದ್ದರೆ ಕೆಳಗಿನವರ ನೀರೂ ಕೆಡುತ್ತದೆ. ಅಂತೆಯೇ ಯಾವನೋ ಒಬ್ಬನ ಯಂತ್ರಕ್ಕೆ ಕೇಡಿನ ತಂತ್ರಾಂಶ ಅಂಟಿ ದೂರದ ತಾಣವನ್ನು ಪೀಡಿಸಿದರೆ, ದ್ವಾರಪಾಲಕನು ವಿಳಾಸವನ್ನಷ್ಟೇ ನೋಡಿ ನೂರು ಮನೆಗಳಿಗೂ ಕದ ಹಾಕುತ್ತಾನೆ.

ಹಾಗಾದರೆ ವಿಳಾಸವನ್ನು ಬದಲಿಸುವ ಬಗೆ ಹೇಗೆ? ಸುಲಭವಾದುದು ಪೆಟ್ಟಿಗೆಯನ್ನು ಆರಿಸಿ, ಹತ್ತು ನಿಮಿಷ ಬಿಟ್ಟು ಹೊತ್ತಿಸುವುದು. ಸಾಮಾನ್ಯವಾಗಿ ಮನೆಗಳಿಗೆ ವಿಳಾಸವನ್ನು ಕ್ರಯಕ್ಕೆ ಕೊಡುವುದಿಲ್ಲ, ಬಾಡಿಗೆಗೆ ಕೊಡುತ್ತಾರೆ. ಹೆಸರು, ಗುಪ್ತಪದಗಳನ್ನು ಕೊಟ್ಟು ಸಂಪರ್ಕ ಪಡೆಯುವ ಪದ್ಧತಿಯಲ್ಲಿ ಹೊಸ ಸಂಪರ್ಕಕ್ಕೆ ಹೊಸ ಸಂಖ್ಯೆ ಬರುವುದು ಬಹಳ ಸಲ ಉಂಟು. ಬಾಡಿಗೆಯ ಅವಧಿ ಇನ್ನೂ ಮುಗಿದಿರದಿದ್ದರೆ ಹಳೆಯದೇ ಮರಳಿ ಬರಬಹುದು; ಆಗ ಪೆಟ್ಟಿಗೆಯನ್ನು ರಾತ್ರಿಯೆಲ್ಲ ಆರಿಸಿಡಬೇಕಾದೀತು. ಪೆಟ್ಟಿಗೆಯ ಗುರುತಿನ ಸಂಖ್ಯೆಯನ್ನೇ ತಿದ್ದುವ ಉಪಾಯವೂ ಇದೆಯಾದರೂ, ಸೇವಾದಾರರನ್ನು ಕೇಳದೆ ಅದಕ್ಕೆ ಕೈಹಾಕಿದರೆ ಸಂಪರ್ಕವೇ ಕಡಿದುಹೋಗುವ ಭಯವಿದೆ. ಇನ್ನು ಮನೆಯೊಳಗಿನ ಯಂತ್ರಗಳಿಗೆ ಇರುವ 192.168 ಎಂಬ ಮೊದಲಿನ ಸಂಖ್ಯೆಗಳನ್ನು ಎಷ್ಟು ತಿದ್ದಿದರೂ ಹೊರಗಿನ ವಿಳಾಸ ಕದಲದು. ಅದು ಮನೆಯ ಕೋಣೆಗಳ ಹೆಸರನ್ನು ಬದಲಿಸಿದಂತೆ.

ಸೋದರಮಾವ ಇದಾವುದಕ್ಕೂ ಕಾಯಲಿಲ್ಲ. ತಮ್ಮ ಕೈಫೋನಿನ ಅಂತರ್ಜಾಲವನ್ನು ಕಂಪ್ಯೂಟರಿಗೆ ಹಂಚಿದರು. ಅದು ಹೊರಬೀಳುವ ಬಾಗಿಲೇ ಬೇರೆ. ಹನ್ನೊಂದು ಗಂಟೆಗೆ ಅರ್ಜಿ ಸಲ್ಲಿತು. ಆದರೂ ಅವರು ಮನೆಯ ಯಂತ್ರಗಳನ್ನೆಲ್ಲ ಪರೀಕ್ಷಿಸದೆ ಬಿಡಲಿಲ್ಲ. ದೋಷವು ನಮ್ಮ ಮನೆಯಲ್ಲೇ ಇದ್ದರೆ ಹೊಸ ವಿಳಾಸವೂ ನಾಲ್ಕು ದಿನದಲ್ಲಿ ಕೆಡುವುದಲ್ಲವೇ? ಯಂತ್ರಗಳು ನಿರ್ಮಲವಾಗಿದ್ದವು. ಬೆಳಗ್ಗೆ ಸೇವಾದಾರರಿಗೆ ದೂರು ಹೋಯಿತು.

ಭಾಲ್ಕಿಯ ಈ ಮನೆ ಬದಲಾವಣೆಯನ್ನು ಬಯಸಿದರೆ, ಔರಾದಿನ ಇನ್ನೊಂದು ಮನೆ ಸ್ಥಿರತೆಯನ್ನೇ ಬೇಡೀತು. ಬೀದರಿನಲ್ಲಿ ನೌಕರಿ ಮಾಡುವ ಮಗನೊಬ್ಬನು ಊರಿನ ಮನೆಯಲ್ಲಿರುವ ಮುದಿ ತಾಯಿಯನ್ನು ಕ್ಯಾಮರಾದ ಮೂಲಕ, ಮಧ್ಯವರ್ತಿಗಳಿಲ್ಲದೆ, ನೇರವಾಗಿ ನೋಡಬಯಸಿದರೆ, ವಿಳಾಸ ದಿನಕ್ಕೊಂದಾಗಬಾರದು; ನೂರು ಜನರದೂ ಆಗಬಾರದು. ಅಂತಹವರು ಸೇವಾದಾರರಿಂದ ಸ್ಥಿರ ವಿಳಾಸವನ್ನು ಕೇಳಿ ಪಡೆಯಬೇಕು. ಅದಕ್ಕೆ ಸಾಮಾನ್ಯವಾಗಿ ಬೇರೆ ಶುಲ್ಕವುಂಟು. ಐಪಿಯ ಆರನೆಯ ಆವೃತ್ತಿಯಲ್ಲಂತೂ ಸಂಖ್ಯೆಗಳ ಬರವೇ ಇಲ್ಲ; ಅದು ಪೂರ್ಣವಾಗಿ ನೆಲೆಗೊಂಡ ದಿನ ಹಂಚಿಕೊಳ್ಳುವ ಪ್ರಮೇಯವೂ ತಪ್ಪುತ್ತದೆ.

ವಿಳಾಸವನ್ನು ಬದಲಿಸಿದೊಡನೆ ಅದೃಶ್ಯರಾದೆವೆಂದು ಭ್ರಮಿಸುವವರೂ ಇದ್ದಾರೆ. ಯಾವ ಹೊತ್ತಿನಲ್ಲಿ ಯಾವ ಸಂಖ್ಯೆ ಯಾರ ಪಾಲಿಗಿತ್ತೆಂಬ ದಾಖಲೆಯನ್ನು ಸೇವಾದಾರರು ಕಾಪಾಡಿಡುತ್ತಾರೆ. 2021ರಲ್ಲಿ ತಿದ್ದುಪಡಿಯಾದ ಪರವಾನಿಗೆಯ ನಿಯಮದಂತೆ ಅದರ ಅವಧಿ ಕನಿಷ್ಠ 2 ವರ್ಷ. ತಪ್ಪು ಮಾಡಿದವನನ್ನು ಹಿಡಿಯುವುದಕ್ಕೆ ಒದಗುವ ಆ ದಾಖಲೆಯೇ ನಿರಪರಾಧಿಯನ್ನು ಬಿಡಿಸುವುದಕ್ಕೂ ಒದಗುತ್ತದೆ. ಏಕೆಂದರೆ ಹಂಚಿಕೊಂಡ ವಿಳಾಸದ ವಿಷಯದಲ್ಲಿ ವಿಳಾಸವೊಂದೇ ಸಾಕ್ಷಿಯಾಗಲಾರದು. ಗಳಿಗೆಯೂ ಬೇಕು, ಪೋರ್ಟ್ ಎಂಬ ಉಪಸಂಖ್ಯೆಯೂ ಬೇಕು.

ಭಾಲ್ಕಿಯ ಆ ತಂದೆಗೆ ಇಷ್ಟೆಲ್ಲ ತಿಳಿಯಿತೋ ಇಲ್ಲವೋ. ಆದರೆ ಮರುದಿನ ಬೆಳಗ್ಗೆ ಅವರು ಮಗನನ್ನು ಕರೆದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು, ಏನೂ ಹೇಳದೆ, ತಮ್ಮ ಚಹಾದ ಬಟ್ಟಲನ್ನು ಅವನತ್ತ ಸರಿಸಿದರು. ಹುಡುಗನು ಅದನ್ನು ಕುಡಿದನು.