ಬೆನ್ನಬುಡದ ಎಲುಬು ಮುರಿದರೆ

ಕೈ ಮುರಿದವನು ಕೊರಳಿಗೆ ಪಟ್ಟಿ ಕಟ್ಟಿಕೊಂಡು ಕಚೇರಿಗೆ ಬಂದರೆ ಹತ್ತು ಮಂದಿ ಕ್ಷೇಮ ವಿಚಾರಿಸುತ್ತಾರೆ. ಬೆನ್ನಬುಡದ ಎಲುಬು ಮುರಿದವನ ಪಾಡು ಹಾಗಲ್ಲ. ಪೆಟ್ಟು ಹೊರಗೆ ಕಾಣದು. ನೋವಿನ ಜಾಗವನ್ನು ಹೇಳಲು ನಾಚಿಕೆ. ವಾಚಕರೇ, ಈ ನಾಚಿಕೆಯ ಬಗೆಗೇ ಈ ಸಲದ ಮಾತು.

ಈ ಎಲುಬಿಗೆ ತ್ರಿಕಾಸ್ಥಿ ಎಂದು ಹೆಸರು. ಡಾಕ್ಟರರು ‘ಸೇಕ್ರಂ’ ಎನ್ನುವರು. ಐದು ಮಣಿಗಳು ಬೆಸೆದುಕೊಂಡು ಆದ ತ್ರಿಕೋನವಿದು. ಮೇಲಿನ ಮೈಭಾರವೆಲ್ಲ ಇದರ ಮೂಲಕವೇ ಸೊಂಟಕ್ಕೂ ಕಾಲುಗಳಿಗೂ ಇಳಿಯುತ್ತದೆ. ಇದರ ರಂಧ್ರಗಳಿಂದ ಹೊರಡುವ ನರಗಳು ಮಲಮೂತ್ರಗಳ ಹಿಡಿತವನ್ನು ನೋಡಿಕೊಳ್ಳುತ್ತವೆ. 1988ರಲ್ಲಿ ಡೆನಿಸ್ ಮತ್ತು ಸಂಗಡಿಗರು 236 ರೋಗಿಗಳ ವಿವರ ಪ್ರಕಟಿಸಿದರು. ಎಲುಬಿನ ಹೊರ ಅಂಚು ಮುರಿದವರಲ್ಲಿ ನೂರಕ್ಕೆ ಸುಮಾರು 6 ಮಂದಿಗೆ ನರದ ತೊಂದರೆಯಿತ್ತು. ರಂಧ್ರಗಳ ಸಾಲಿನಲ್ಲಿ ಮುರಿದವರಲ್ಲಿ 28, ನಟ್ಟನಡುವೆ ಮುರಿದವರಲ್ಲಿ 57.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಎಲುಬು ಜಾಗ ಬಿಡದಿದ್ದರೆ ಔಷಧಿ, ಎಚ್ಚರಿಕೆಯ ನಡಿಗೆ ಸಾಕಾಗಬಹುದು. ಸಾಧಾರಣ ಎಕ್ಸ್‌ರೇಯಲ್ಲಿ ತಪ್ಪಿಸಿಕೊಂಡ ಬಿರುಕನ್ನು ಸಿ.ಟಿ. ಸ್ಕ್ಯಾನ್ ತೋರಿಸುತ್ತದೆ. ಎಲುಬು ಸರಿದು ಸೊಂಟದ ಕಟ್ಟು ಸಡಿಲವಾಗಿದ್ದರೆ, ಪಕ್ಕದಲ್ಲಿ ಸಣ್ಣ ಗಾಯ ಮಾಡಿ, ಎಕ್ಸ್‌ರೇ ಪರದೆ ನೋಡುತ್ತ ಉದ್ದನೆಯ ತಿರುಪುಮೊಳೆಯನ್ನು ಸೊಂಟದೆಲುಬಿನಿಂದ ತ್ರಿಕಾಸ್ಥಿಯೊಳಕ್ಕೆ ಕೂರಿಸುತ್ತಾರೆ. ಬೆನ್ನೆಲುಬಿಗೂ ಸೊಂಟಕ್ಕೂ ಸಂಬಂಧವೇ ತಪ್ಪಿದ್ದರೆ ಎರಡಕ್ಕೂ ಸರಳು ಹಾಕಿ ಬಿಗಿಯುತ್ತಾರೆ. ಚೂರುಗಳು ನರವನ್ನು ಒತ್ತುತ್ತಿದ್ದರೆ ತೆಗೆಯುತ್ತಾರೆ.

ಅಲ್ಲಿಗೆ ಡಾಕ್ಟರರ ಕೆಲಸ ಅರ್ಧ ಮುಗಿಯಿತು; ಉಳಿದುದು ಮನೆಯವರ ಪಾಲು. “ಮೂರು ತಿಂಗಳು ಅಲುಗಾಡಬೇಡಪ್ಪ” ಎಂಬುದು ಹಿರಿಯರ ಪ್ರೀತಿ. ಆದರೆ ಬರಿದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟೀತು, ಬೆನ್ನಿಗೆ ಹುಣ್ಣಾದೀತು, ಎದೆಯಲ್ಲಿ ಕಫ ನಿಂತೀತು. ಆದುದರಿಂದಲೇ ಸಾಧ್ಯವಾದಷ್ಟು ಬೇಗ ಎಬ್ಬಿಸಿ ಕೂರಿಸುತ್ತಾರೆ, ಊರುಗೋಲು ಕೊಟ್ಟು ನಿಲ್ಲಿಸುತ್ತಾರೆ. ಪೆಟ್ಟಾದ ಕಡೆಯ ಕಾಲಿನ ಮೇಲೆ ಪೂರ್ತಿ ಭಾರ ಬಿಡಲು ಸಾಮಾನ್ಯವಾಗಿ 6ರಿಂದ 12 ವಾರ ಕಾಯಬೇಕು; ಅಪ್ಪಣೆ ಕೊಡುವವರು ಡಾಕ್ಟರರು, ನೆರೆಮನೆಯವರಲ್ಲ. ನರ ಚೇತರಿಸಿಕೊಳ್ಳುವುದು ಎಲುಬಿಗಿಂತ ನಿಧಾನ. ಕೆಲವೊಮ್ಮೆ ಪೂರ್ತಿ ಗುಣವಾಗದು.

ಇನ್ನು ನಾಚಿಕೆಯ ಮಾತು. ಕೂರುವ ಜಾಗ ಜೋಮುಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ತಾನಾಗಿ ಹೋದರೆ ಅದು ನರದ ಕೂಗು. ಆ ಕ್ಷಣವೇ ಡಾಕ್ಟರರಿಗೆ ಹೇಳಬೇಕು. ಊರಿನಿಂದ ಬಂದ ತಂದೆತಾಯಿಯರು ಇದನ್ನು ಕನ್ನಡದಲ್ಲೇ ಬಾಯಿಬಿಡುವುದಿಲ್ಲ. ಪರಭಾಷೆಯ ವಾರ್ಡಿನಲ್ಲಿ ಹೇಳಿಯಾರೆ? ಜೋಮಿಗೆ ಹಿಂದಿಯಲ್ಲಿ ‘ಸುನ್ನ’, ಮರಾಠಿಯಲ್ಲಿ ‘ಬಧೀರ’, ತೆಲುಗಿನಲ್ಲಿ ‘ತಿಮ್ಮಿರಿ’ ಎಂದರೆ ತಿಳಿಯುತ್ತದೆ. ಒಂದು ಚೀಟಿಯಲ್ಲಿ ಬರೆದು ದಿಂಬಿನ ಬಳಿ ಇಡಿ. ಅದಕ್ಕೂ ಮೊದಲು, “ಅಮ್ಮಾ, ಅಲ್ಲಿ ಸ್ಪರ್ಶ ತಿಳಿಯುತ್ತದೆಯೇ?” ಎಂದು ನೀವೇ ದಿನವೂ ಕೇಳಿ. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ನುಂಗಿಕೊಳ್ಳುತ್ತಾರೆ.