ಬೆಳಕಿನ ಹುಚ್ಚಿಗೂ ಒಬ್ಬ ಗುರು ಬೇಕು

ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಹುಡುಗನಿಗೆ ಕಣ್ಣು ಕಾಣುತ್ತಿರಲಿಲ್ಲ. ಒಡಹುಟ್ಟಿದ ಗುರುಬಸವಯ್ಯನಿಗೂ ಕಾಣುತ್ತಿರಲಿಲ್ಲ. ಆ ಕಾಲದಲ್ಲಿ ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳೆಂದರೆ ಊರಿನವರು ಲೊಚಗುಟ್ಟಿ ಮುಂದೆ ಹೋಗುವ ಸಂಗತಿ. ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು ಮಾತ್ರ ಮಕ್ಕಳ ದನಿಗೆ ಕಿವಿಗೊಟ್ಟರು. ಕಣ್ಣಿನ ಮಾತನ್ನು ಬದಿಗಿಟ್ಟು ಕಂಠಕ್ಕೆ ಗುರುವನ್ನು ಹುಡುಕಿದರು. ಗದಿಗೆಯ್ಯ ಪಂಚಾಕ್ಷರ ಗವಾಯಿಗಳಾದರು. ಅವರ ನೆರಳಿನಲ್ಲಿ ಹಾವೇರಿ ಬಳಿಯ ದೇವಗಿರಿಯ ಇನ್ನೊಬ್ಬ ಅಂಧ ಬಾಲಕ ಪುಟ್ಟರಾಜ ಗವಾಯಿಗಳಾಗಿ ಬೆಳೆದರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಎಷ್ಟು ಜನ ಅಂಧ ಮಕ್ಕಳಿಗೆ ಅನ್ನ, ವಿದ್ಯೆ, ವೃತ್ತಿ ಕೊಟ್ಟಿತೆಂಬುದು ನಾಡಿಗೇ ಗೊತ್ತು.

ಈ ಕಥೆಯನ್ನು ನಾವು ಭಕ್ತಿಯಿಂದ ಹೇಳುತ್ತೇವೆ, ಪದ್ಧತಿಯೆಂದು ಓದುವುದಿಲ್ಲ. ಓದಿದ್ದರೆ ಇನ್ನೊಂದು ಬಗೆಯ ಮಕ್ಕಳ ವಿಷಯದಲ್ಲಿ ಇಷ್ಟು ತಡವರಿಸುತ್ತಿರಲಿಲ್ಲ.

ಆ ಮಕ್ಕಳು ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಯಾವ ಓಣಿಯಲ್ಲೂ ಇರಬಹುದು. ಜಾತ್ರೆಗೆ ಕರೆದೊಯ್ದರೆ ತೇರಿನತ್ತ ನೋಡದೆ ಸೀರಿಯಲ್ ಸೆಟ್ಟಿನ ಮುಂದೆ ನಿಲ್ಲುವ ಹುಡುಗ. ಮದುವೆ ಮನೆಯಲ್ಲಿ ಊಟ ಬಿಟ್ಟು ಟ್ಯೂಬ್‌ಲೈಟಿನ ಚೋಕ್ ಗುಂಯ್‌ಗುಡುವುದನ್ನು ಆಲಿಸುವವನು. ಯಾವ ಕಂಬದಲ್ಲಿ ಎಂಥ ದೀಪವಿದೆ, ಯಾವುದು ಎಂದು ಕೆಟ್ಟಿತು ಎಂಬುದನ್ನು ಲೈನ್‌ಮನ್‌ಗಿಂತ ಚೆನ್ನಾಗಿ ಬಲ್ಲವನು. ‘ನಮ್ಮ ಹುಡುಗಗ ಲೈಟಿಂದs ಹುಚ್ಚು ನೋಡ್ರಿ’ ಎನ್ನುವ ತಾಯಂದಿರ ದನಿಯಲ್ಲಿ ಅರ್ಧ ನಗು, ಅರ್ಧ ಅಳು. ಇದೇ ಹುಡುಗ ಪಟಾಕಿ ಸಿಡಿದರೆ, ಡಿಜೆ ಶುರುವಾದರೆ, ಹೇಳದೆ ಕೇಳದೆ ಕರೆಂಟ್ ಹೋದರೆ ಕಿವಿ ಮುಚ್ಚಿಕೊಂಡು ಮೂಲೆ ಹಿಡಿಯುತ್ತಾನೆ, ಇಲ್ಲವೇ ಕಿರುಚುತ್ತಾನೆ. ಊರಿನ ಬಾಯಲ್ಲಿ ಅದು ಹಟ, ಸೊಕ್ಕು, ಹೆಚ್ಚೆಂದರೆ ಗಾಳಿ ಸೋಂಕು. ವೈದ್ಯರ ಭಾಷೆಯಲ್ಲಿ ಆಟಿಸಂ ಮತ್ತು ಅದರ ಬೆನ್ನಿಗೇ ಇರುವ ಆತಂಕ.

ಆಟಿಸಂ ಇದ್ದವರೆಲ್ಲ ದೀಪಪ್ರಿಯರಲ್ಲ. ಕೆಲವರಿಗೆ ಬಸ್ಸಿನ ನಂಬರು, ಕೆಲವರಿಗೆ ಕ್ಯಾಲೆಂಡರು, ಮತ್ತೆ ಕೆಲವರಿಗೆ ನೀರಿನ ಪಂಪು. ಆದರೂ ಬೆಳಕಿನ ಸೆಳೆತ ಎಷ್ಟು ಸಾಮಾನ್ಯವೆಂದರೆ, ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿ ಡಿಎಸ್ಎಂ-5 ಅದನ್ನು ಆಟಿಸಂನ ಲಕ್ಷಣಗಳಲ್ಲಿ ಹೆಸರು ಹಿಡಿದೇ ಉದಾಹರಿಸುತ್ತದೆ. ನಮ್ಮಲ್ಲಿ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಬಳಸುವ ಮಾಪಕ ‘ಇಸಾ’. ಬೌದ್ಧಿಕ ಅಂಗವೈಕಲ್ಯಕ್ಕೆಂದೇ ಇರುವ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ರೂಪಿಸಿದ ಇದರಲ್ಲಿ 40 ಅಂಶಗಳಿವೆ. ಒಂದೊಂದಕ್ಕೆ 1ರಿಂದ 5ರವರೆಗೆ ಅಂಕ. ಒಟ್ಟು 70 ಮುಟ್ಟಿದರೆ ಆಟಿಸಂ. ಜಡವಸ್ತುವಿನ ಮೇಲೆ ಮೋಹವಿದ್ದರೆ ಅಂಕ. ಎಲ್ಲವೂ ಇದ್ದಂತೆಯೇ ಇರಬೇಕೆಂದು ಪಟ್ಟು ಹಿಡಿದರೆ ಅಂಕ. ಕೊನೆಯಲ್ಲಿ ಅಸಾಧಾರಣ ಸಾಮರ್ಥ್ಯದ ಬಗೆಗೂ ಒಂದು ಪ್ರಶ್ನೆಯಿದೆ. ಸಾಮರ್ಥ್ಯವಿದ್ದರೆ ಅದಕ್ಕೂ ಅಂಕ, ಅದೂ ಅಂಗವೈಕಲ್ಯದ ಲೆಕ್ಕಕ್ಕೇ ಜಮಾ! ಮಾಪಕವನ್ನು ದೂರಿ ಫಲವಿಲ್ಲ. ಅದು ಅಳೆಯಲು ಹುಟ್ಟಿದ್ದು. ನನ್ನ ತಕರಾರು ಅಳೆದ ಮೇಲಿನದು. ಅಂಕ ಕೂಡಿಸಿ, ಕಾರ್ಡು ಕೊಟ್ಟು ಕಳುಹಿಸುವ ವ್ಯವಸ್ಥೆಯಲ್ಲಿ ಹುಡುಗನ ಒಲವು ಲಕ್ಷಣವಾಗಿಯೇ ಫೈಲು ಸೇರುತ್ತದೆ. ಅದನ್ನು ಬಿಡಿಸುವುದೇ ಚಿಕಿತ್ಸೆ ಎಂದು ಮನೆಯವರೂ ಮಾಸ್ತರರೂ ನಂಬುತ್ತಾರೆ. ಬ್ಯಾಟರಿ ಕಸಿದುಕೊಳ್ಳುತ್ತಾರೆ, ಸ್ವಿಚ್ಚಿನ ಬಳಿ ಹೋದರೆ ಕೈಮೇಲೆ ಹೊಡೆಯುತ್ತಾರೆ.

ಒಲವನ್ನು ಎಣಿಸುವ ಈ ವ್ಯವಸ್ಥೆ ಆತಂಕವನ್ನು ಎಣಿಸುವುದರಲ್ಲಿ ಹಿಂದೆ. ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಕುರಿತು ಬರೆದ ಮೊದಲ ಪ್ರಬಂಧದಲ್ಲೇ, ಸುತ್ತಲಿನದು ಬದಲಾಗಬಾರದೆಂಬ ಹಂಬಲದ ಹಿಂದೆ ಆತಂಕವಿದೆ ಎಂದು ಗುರುತಿಸಿದ್ದರು. 31 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಆಟಿಸಂ ಇರುವ ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ 40ರಷ್ಟು ಮಂದಿಗೆ ಕನಿಷ್ಠ ಒಂದಾದರೂ ಆತಂಕದ ಕಾಯಿಲೆ ಇದೆ. ಅಂದರೆ ಐವರಲ್ಲಿ ಇಬ್ಬರು. ಮಾತು ಬರುವ ಹುಡುಗನಾದರೆ ‘ಎದಿ ಢವಢವ ಅಂತೈತಿ’ ಎಂದಾನು. ಮಾತು ಬಾರದವನ ಆತಂಕ ಅವನ ಕೈಕಾಲಿನಲ್ಲಿ, ನಿದ್ದೆಗೆಟ್ಟ ರಾತ್ರಿಯಲ್ಲಿ, ಬಿಟ್ಟ ಊಟದಲ್ಲಿ ಇರುತ್ತದೆ. ಅದನ್ನು ಓದಬಲ್ಲವಳು ಹೆಚ್ಚಿನಂಶ ತಾಯಿಯೊಬ್ಬಳೇ.

ಆತಂಕಕ್ಕೂ ಬೆಳಕಿಗೂ ಎಲ್ಲಿಯ ನಂಟು? ಮನುಷ್ಯರು ಇವತ್ತು ನಕ್ಕು ನಾಳೆ ಗದರುತ್ತಾರೆ. ಬಾ ಎಂದವರು ಬರುವಷ್ಟರಲ್ಲಿ ಎದ್ದು ಹೋಗಿರುತ್ತಾರೆ. ದೀಪ ಹಾಗಲ್ಲ, ಒತ್ತಿದರೆ ಹತ್ತುತ್ತದೆ, ಹತ್ತದಿದ್ದರೆ ಅದಕ್ಕೊಂದು ಕಾರಣವಿರುತ್ತದೆ, ಆ ಕಾರಣ ಹುಡುಕಿದರೆ ಸಿಗುತ್ತದೆ. ಹೋಲ್ಡರ್ ಸಡಿಲ, ಸ್ಟಾರ್ಟರ್ ಸುಟ್ಟಿದೆ, ಫ್ಯೂಸ್ ಹೋಗಿದೆ. ಕಾರಣ ಸಿಗುವ ಲೋಕದಲ್ಲಿ ಭಯ ಕಡಿಮೆ. ಬ್ರಿಟನ್ನಿನ ಡೈನಾ ಮರೆ ಮತ್ತು ಸಂಗಡಿಗರು 2005ರಲ್ಲಿ ಮಂಡಿಸಿದ ವಾದವೂ ಇದರ ಹತ್ತಿರಕ್ಕೆ ಬರುತ್ತದೆ. ಬಹಳ ಜನರ ಗಮನ ಹತ್ತು ಕಾಲುವೆಗಳಲ್ಲಿ ತೆಳ್ಳಗೆ ಹರಿದರೆ, ಆಟಿಸಂ ಇದ್ದವರದು ಒಂದೆರಡರಲ್ಲಿ ಧುಮ್ಮಿಕ್ಕಿ ಹರಿಯುತ್ತದೆ. ಆ ಕಾಲುವೆಗೆ ಏಕಾಏಕಿ ಕಲ್ಲು ಹಾಕಿದರೆ ನೀರು ಎತ್ತ ನುಗ್ಗೀತು?

ಕಲ್ಲು ಹಾಕುವುದಕ್ಕೆ ನಮ್ಮಲ್ಲಿ ಕರೆಂಟೇ ಸಾಕು. ಪತ್ರಿಕೆಯ ಒಳಪುಟದಲ್ಲಿ ‘ವಿದ್ಯುತ್ ವ್ಯತ್ಯಯ’ ಎಂಬ ಸಣ್ಣ ಪ್ರಕಟಣೆ ಬರುತ್ತದೆ: ಇಂಥ ಉಪಕೇಂದ್ರದಲ್ಲಿ ದುರಸ್ತಿ, ಇಂತಿಷ್ಟು ಗಂಟೆಯಿಂದ ಇಂತಿಷ್ಟರವರೆಗೆ ಪೂರೈಕೆ ಇಲ್ಲ. ಉಳಿದವರು ಕಣ್ಣಾಡಿಸಿ ಬಿಡುವ ಈ ನಾಲ್ಕು ಸಾಲು, ಇಂಥ ಮಗುವಿರುವ ಮನೆಗೆ ಮುಖಪುಟದ ಸುದ್ದಿ. ಮೊದಲೇ ತಿಳಿದರೆ ಗಡಿಯಾರ ತೋರಿಸಿ, ‘ಹತ್ತಕ್ಕ ಹೋಗತೈತಿ, ಐದಕ್ಕ ಬರತೈತಿ’ ಎಂದು ಹೇಳಿಟ್ಟುಕೊಳ್ಳಬಹುದು. ಹೇಳಿದ ವೇಳೆಗೆ ಹೋಗಿ ಹೇಳಿದ ವೇಳೆಗೆ ಬಂದರೆ ಅದು ವ್ಯತ್ಯಯವೇ ಅಲ್ಲ, ವೇಳಾಪಟ್ಟಿ. ವಿದ್ಯುತ್ ಪೂರೈಸುವ ಹೆಸ್ಕಾಂನವರು ಗಂಟೆಯನ್ನು ಖಚಿತವಾಗಿ ಹೇಳಿ, ಹೇಳಿದಂತೆ ನಡೆದುಕೊಂಡರೆ ತಮಗರಿವಿಲ್ಲದೆಯೇ ಎಷ್ಟೋ ಮನೆಗಳಿಗೆ ಮದ್ದು ಕೊಟ್ಟಂತೆ.

ದೀಪಗಳೇ ಬದಲಾದ ಕಥೆ ಇನ್ನೊಂದು. ದೇಶದಾದ್ಯಂತ ಎಲ್ಇಡಿ ಹಂಚುವ ಯೋಜನೆ 2015ರ ಜನವರಿಯಲ್ಲಿ ಶುರುವಾಯಿತು. ನಮ್ಮ ರಾಜ್ಯ ಅದೇ ವರ್ಷದ ಕೊನೆಗೆ ಅದಕ್ಕೆ ‘ಹೊಸ ಬೆಳಕು’ ಎಂದು ಹೆಸರಿಟ್ಟಿತು. ಬೀದಿ ಕಂಬಗಳ ಸೋಡಿಯಂ ದೀಪಗಳೂ ಇಳಿಯತೊಡಗಿದವು. ಉಳಿತಾಯದ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಆದರೆ ಸೋಡಿಯಂ ದೀಪಕ್ಕೊಂದು ಸ್ವಭಾವವಿತ್ತು. ಹತ್ತಿದೊಡನೆ ಮಂದವಾಗಿ ಕಣ್ಣು ತೆರೆದು, ನಿಮಿಷಗಟ್ಟಲೆ ಸಾವಕಾಶವಾಗಿ ಅರಿಸಿನ ಕಲಸಿದ ಕೆಂಪಿಗೆ ಏರುತ್ತಿತ್ತು. ನಡುವೆ ಕರೆಂಟ್ ಕೈಕೊಟ್ಟರೆ, ಮರಳಿ ಬಂದರೂ ತಕ್ಷಣ ಹತ್ತುತ್ತಿರಲಿಲ್ಲ. ಒಳಗಿನ ಕೊಳವೆ ತಣಿಯಬೇಕಿತ್ತು. ದಿನವೂ ಸಂಜೆ ಅದರ ಕೆಳಗೆ ನಿಂತು ಆ ಏರಿಕೆಯನ್ನು ನೋಡುತ್ತಿದ್ದವನಿಗೆ, ಒಂದು ಬೆಳಿಗ್ಗೆ ಕಂಬದ ಮೇಲೆ ಬಿಳಿ ಪಟ್ಟಿಯೊಂದು ಬಂದು ಕೂತದ್ದು ನೆಂಟನೊಬ್ಬ ಹೇಳದೆ ಊರು ಬಿಟ್ಟಂತೆ. ನಾವು ಉಳಿದ ಯೂನಿಟ್ಟನ್ನು ಲೆಕ್ಕ ಹಾಕಿದೆವು. ಅವನು ಎರಡು ದಿನ ಊಟ ಬಿಟ್ಟರೆ ಯಾಕೆಂದು ಯಾರಿಗೆ ಹೊಳೆದೀತು?

ಇನ್ನು ಶಾಲೆ. ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಹೆಚ್ಚಿನವರಿಗೆ ಕಾಣಿಸದ ಈ ಮಿಣುಕು ಕೆಲವರಿಗೆ ತಲೆನೋವಿನಷ್ಟು ಸ್ಪಷ್ಟ. ಇದರ ಬಗ್ಗೆ ಅಮೆರಿಕದಲ್ಲಿ 1976ರಲ್ಲೇ ಒಂದು ಅಧ್ಯಯನ ನಡೆದಿತ್ತು. ಅದು ತೀರ ಸಣ್ಣದು, ಅದರ ಮೇಲೆ ದೊಡ್ಡ ಮಾತು ಕಟ್ಟಲಾಗದು. ಆದರೆ ಕಿಟಕಿ ಪಕ್ಕದ ಬೆಂಚಿಗೆ ಹುಡುಗನನ್ನು ಕೂರಿಸಿ ನೋಡಲು ಅಧ್ಯಯನವೇನೂ ಬೇಕಿಲ್ಲ.

ಬ್ಯಾಟರಿ ಕಸಿಯುವ ಹೆತ್ತವರನ್ನು ಹಳಿಯುವುದು ಸುಲಭ. ಅವರ ಭಯ ಹುಸಿಯಲ್ಲ. ದೀಪದ ಮೋಹ ಸಾಕೆಟ್ಟಿನ ತೂತಿಗೆ, ಕಂಬದ ಬುಡದ ತೆರೆದ ಪೆಟ್ಟಿಗೆಗೆ, ಟ್ರಾನ್ಸ್‌ಫಾರ್ಮರಿನ ಬೇಲಿಗೆ ಎಳೆದೊಯ್ಯುತ್ತದೆ. ಒಂದೇ ತಪ್ಪು ಸಾಕು. ಹಾಗೆಂದು ಬೇಡ ಎನ್ನುವುದರಿಂದ ಮೋಹ ನಿಲ್ಲುವುದಿಲ್ಲ, ಕದ್ದು ನಡೆಯುತ್ತದೆ. ಅದಕ್ಕಿಂತ 12 ವೋಲ್ಟಿನ ಬ್ಯಾಟರಿ, ನಾಲ್ಕು ಎಲ್ಇಡಿ, ಎರಡು ಸ್ವಿಚ್ಚು ಕೊಟ್ಟು ಮುಂದೆ ಕೂರಿಸುವುದು ಮೇಲು. ಮನೆಯ ಬೋರ್ಡಿಗೆ ಕರೆಂಟ್ ಸೋರಿದೊಡನೆ ಪೂರೈಕೆ ಕಡಿಯುವ ಬ್ರೇಕರ್ ಹಾಕಿಸುವ ಖರ್ಚು ಹರಕೆಯ ಖರ್ಚಿಗಿಂತ ಹೆಚ್ಚೇನಲ್ಲ.

ಕ್ಯಾನರ್ ಬರೆದ 11 ಮಕ್ಕಳಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. ಅಮೆರಿಕದ ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಪುಟ್ಟ ಊರಿನವನು. ಎಳವೆಯಲ್ಲಿ ಗಿರಗಿರ ತಿರುಗುವ ವಸ್ತುಗಳ ಹುಚ್ಚು, ಆಮೇಲೆ ಅಂಕಿಗಳ ಹುಚ್ಚು. ಅದೇ ಊರಿನ ಬ್ಯಾಂಕಿನಲ್ಲಿ ದಶಕಗಟ್ಟಲೆ ಕೆಲಸ ಮಾಡಿ, ಗಾಲ್ಫ್ ಆಡಿ, ಒಬ್ಬನೇ ದೇಶ ಸುತ್ತಿ, 2023ರಲ್ಲಿ 89ನೇ ವಯಸ್ಸಿಗೆ ತೀರಿಕೊಂಡ. ಊರು ಅವನನ್ನು ‘ನಮ್ಮವನು’ ಎಂದು ನೋಡಿಕೊಂಡಿತು ಎಂಬುದು ನಿಜ. ಬ್ಯಾಂಕು ಅವನ ಮನೆತನಕ್ಕೇ ಸೇರಿತ್ತು ಎಂಬುದೂ ಅಷ್ಟೇ ನಿಜ. ಬ್ಯಾಂಕಿಲ್ಲದ ಮನೆಯ ಹುಡುಗನಿಗೆ ಯಾರು? ಕಾಡಶೆಟ್ಟಿಹಳ್ಳಿಯ ಮಕ್ಕಳಿಗೆ ಮಠವೊಂದು ಸಿಕ್ಕಿತು. ಇಂದು ಮಠದ ಆ ಜಾಗದಲ್ಲಿ ನಿಲ್ಲಬೇಕಾದ್ದು ಸರ್ಕಾರ.

ಕಾಗದದ ಮೇಲೆ ಸರ್ಕಾರ ಇದ್ದೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಶಾಲೆ, ಅಂಗನವಾಡಿಗಳಿಗೆ ತಪಾಸಣಾ ತಂಡ ಬರುತ್ತದೆ. ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. 14416ಕ್ಕೆ ಕರೆ ಮಾಡಿದರೆ ಟೆಲಿಮಾನಸ್ ಸಹಾಯವಾಣಿ ಕನ್ನಡದಲ್ಲೇ ಮಾತಾಡುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಆಟಿಸಂ ಇರುವವರು 127 ಜನರಿಗೆ ಒಬ್ಬರೆಂದು ಹಿಡಿದರೂ, 2011ರ ಜನಗಣತಿಯಲ್ಲಿ 15.97 ಲಕ್ಷವಿದ್ದ ಹಾವೇರಿ ಜಿಲ್ಲೆಗೆ ಹನ್ನೆರಡು ಸಾವಿರದ ಮೇಲಾಯಿತು. ಆ ಜನಗಣತಿಯಲ್ಲಿ ಆಟಿಸಂಗೆ ಪ್ರತ್ಯೇಕ ಕಾಲಮ್ಮೇ ಇರಲಿಲ್ಲ. ಹಿರೇಕೆರೂರಿನ ಮೂಲೆಯ ಹಳ್ಳಿಯಿಂದ ಧಾರವಾಡಕ್ಕೆ ಹೋಗಿ ಬರಲು ಒಂದಿಡೀ ದಿನದ ಕೂಲಿ ಬಿಡಬೇಕು. ಬಸ್ಸಿನ ಹಾರ್ನಿಗೆ ಬೆದರುವ ಹುಡುಗನನ್ನು ಅವಚಿಕೊಂಡು ಹೋಗುವ ಪಾಡು ಬೇರೆ. ಪ್ರತಿ ಏಪ್ರಿಲ್ 2ರಂದು ಲೋಕದ ದೊಡ್ಡ ದೊಡ್ಡ ಕಟ್ಟಡಗಳಿಗೆ ಆಟಿಸಂ ಹೆಸರಿನಲ್ಲಿ ನೀಲಿ ದೀಪ ಹಾಕುತ್ತಾರೆ. ದೀಪ ಮೆಚ್ಚುವ ಮಕ್ಕಳ ಕೈಗೆ ಆ ಸ್ವಿಚ್ಚನ್ನು ಕೊಟ್ಟರೆ ಚೆನ್ನಾಗಿತ್ತು!

ಆದ್ದರಿಂದ ಗುರುವನ್ನು ಹತ್ತಿರದಲ್ಲೇ ಹುಡುಕಬೇಕು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರ ದಿನ ಮಾಸಾಶನದ ಅರ್ಜಿ, ಕಾರ್ಡಿನ ಓಡಾಟದಲ್ಲೇ ಕಳೆಯುತ್ತದೆ. ‘ಈ ಹುಡುಗನಿಗೆ ಏನು ಇಷ್ಟ?’ ಎಂಬ ಒಂದು ಪ್ರಶ್ನೆಯನ್ನು ಅವರ ವಹಿಗೆ ಸೇರಿಸಿದರೆ ಅಲ್ಲಿಂದ ದಾರಿ ತೆರೆಯುತ್ತದೆ. ಊರಿಗೊಂದು ಶಾಮಿಯಾನ-ಲೈಟಿಂಗ್ಸ್ ಅಂಗಡಿಯಿದೆ. ಜಾತ್ರೆ ಮುಗಿದ ಮೇಲೆ ಅಲ್ಲಿ ಮೂಟೆಗಟ್ಟಲೆ ಸೀರಿಯಲ್ ಸೆಟ್ಟು ಗಂಟು ಬಿದ್ದಿರುತ್ತದೆ. ಸಾವಿರ ಬಲ್ಬುಗಳ ಸರದಲ್ಲಿ ಸತ್ತ ಒಂದನ್ನು ಹುಡುಕುವ ತಾಳ್ಮೆ ನಮಗಿಲ್ಲ, ಅವನಿಗಿದೆ. ಗದ್ದಲವಿಲ್ಲದ ಗೋದಾಮಿನಲ್ಲಿ, ದಿನವೂ ಒಂದೇ ಹೊತ್ತಿಗೆ, ಒಬ್ಬನೇ ಒಡೆಯನ ಕೈಕೆಳಗೆ ಎರಡು ತಾಸು. ಆತಂಕವಿರುವವನಿಗೆ ಈ ಶರತ್ತುಗಳೇ ಮುಖ್ಯ. ಮದುವೆ ಮೆರವಣಿಗೆಗೆ ಎಳೆದೊಯ್ದರೆ ಕೆಟ್ಟಿತು.

ನಾಟಕದ ಮಾತೂ ಬರಬೇಕು. ಹಾನಗಲ್ ತಾಲ್ಲೂಕಿನ ಶೇಷಗಿರಿ ಎಂಬ ಸಣ್ಣ ಊರು ತನ್ನದೇ ರಂಗಮಂದಿರ, ತನ್ನದೇ ತಂಡ ಕಟ್ಟಿಕೊಂಡು ನಾಡಿನ ರಂಗಾಸಕ್ತರನ್ನು ಕರೆಸಿಕೊಳ್ಳುತ್ತದೆ. ಬೆಳಕಿನ ಹುಚ್ಚು ಅಲ್ಲಿ ಕಲೆ. ಕೋಲ್ಕತ್ತದ ತಾಪಸ್ ಸೇನ್ 1959ರಲ್ಲಿ ‘ಅಂಗಾರ್’ ನಾಟಕಕ್ಕೆ ದೀಪಗಳಿಂದಲೇ ಗಣಿಯೊಳಗೆ ನೀರು ನುಗ್ಗಿಸಿ ತೋರಿಸಿದ್ದರು. ಕನ್ನಡದಲ್ಲಿ ವಿ. ರಾಮಮೂರ್ತಿಯವರು ರಂಗದ ಬೆಳಕನ್ನು ಶಾಸ್ತ್ರವಾಗಿಯೇ ಬೆಳೆಸಿದರು. ಬೆಳಕು ಬಿಡುವವನು ಜನರ ನಡುವೆ ಇದ್ದೂ ಕತ್ತಲಲ್ಲಿ ಕೂತಿರುತ್ತಾನೆ. ಅವನ ಮುಂದೆ ಡಿಮ್ಮರ್, ಕೈಯಲ್ಲಿ ಯಾವ ಸಾಲಿಗೆ ಯಾವ ದೀಪ ಎಂಬ ಚೀಟಿ. ಯಾರ ಮುಖವನ್ನೂ ನೋಡಿ ಮಾತಾಡಬೇಕಿಲ್ಲ, ನಾಟಕವೂ ಪ್ರತಿ ಸಲ ಅದೇ ಕ್ರಮದಲ್ಲಿ ನಡೆಯುತ್ತದೆ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಇಂಥ ರಂಗತಂಡಗಳು ವರ್ಷಕ್ಕೊಂದು ವಾರ ಈ ಮಕ್ಕಳಿಗಾಗಿ ಬೆಳಕಿನ ಶಿಬಿರ ಮಾಡಲು ಹೊಸ ಕಾಯ್ದೆಯೇನೂ ಬೇಡ.

ಒಂದು ಎಚ್ಚರ. ಪ್ರತಿಯೊಂದು ಒಲವೂ ದುಡಿಮೆಯಾಗಬೇಕೆಂಬ ಹಟವೂ ಇನ್ನೊಂದು ಬಗೆಯ ಕ್ರೌರ್ಯ. ಮಾತೂ ಇಲ್ಲದ, ಸ್ನಾನಕ್ಕೂ ಆಸರೆ ಬೇಕಾದ ಮಗನಿಗೆ ಆಕಾಶಬುಟ್ಟಿ ನೋಡುವ ಸುಖವಿದ್ದರೆ ಅದು ಸುಖವಾಗಿಯೇ ಇರಲಿ. ಎಲೆಕ್ಟ್ರಿಷಿಯನ್ ಆಗದೆ ಹೋದದ್ದಕ್ಕೆ ಅವನೇಕೆ ಲೆಕ್ಕ ಕೊಡಬೇಕು? ಪರೀಕ್ಷೆ, ಗುರಿ, ಸಮಯದ ಗಡುವು ಸೇರಿದರೆ ಒಲವೇ ಆತಂಕವಾಗುತ್ತದೆ.

ನಮ್ಮ ಎಷ್ಟೋ ಹಳ್ಳಿಗಳಲ್ಲಿ ಬೀದಿ ದೀಪ ಹಾಕುವುದು, ಆರಿಸುವುದು ಇಂದಿಗೂ ಪಂಚಾಯಿತಿಯ ನೀರುಗಂಟಿಯ ಕೆಲಸ. ಅವನಿಗೆ ನೂರೆಂಟು ತಾಪತ್ರಯ. ಮರೆತರೆ ಸಂಜೆ ಏಳಾದರೂ ಓಣಿ ಕತ್ತಲು, ಮರುದಿನ ಸೂರ್ಯ ನೆತ್ತಿಗೆ ಬಂದರೂ ದೀಪ ಉರಿಯುತ್ತಲೇ ಇರುತ್ತದೆ. ಗೋಡೆಗೆ ಒಂದು ಭದ್ರವಾದ ಸ್ವಿಚ್ಚು ಹಾಕಿಸಿ ಒಪ್ಪಿಸಿದರೆ, ಒಂದು ನಿಮಿಷ ಅತ್ತಿತ್ತ ಆಗದಂತೆ ಒತ್ತಬಲ್ಲವನೊಬ್ಬ ಅದೇ ಓಣಿಯಲ್ಲಿ, ಕಂಬದ ಕೆಳಗೆ, ಆರು ಗಂಟೆಯಿಂದಲೇ ಕತ್ತೆತ್ತಿ ನಿಂತಿದ್ದಾನೆ.