ಅಂಕಿ ಬದಲಿಸಿ ಕೇಳಿ, ಬಂಡವಾಳ ಗೊತ್ತಾಗುತ್ತೆ!

ಪರೀಕ್ಷೆ ಹತ್ತಿರ ಬಂತೆಂದರೆ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಗಳಲ್ಲಿ ಗೈಡುಗಳ ರಾಶಿ ಏರುತ್ತದೆ. ಅದರಲ್ಲಿನ ಲೆಕ್ಕಗಳನ್ನು ಅಂಕಿ ಸಮೇತ ಉರು ಹೊಡೆದ ಹುಡುಗ ನೂರಕ್ಕೆ ತೊಂಬತ್ತು ತಂದು ಬೀದಿಗೆಲ್ಲ ಪೇಡ ಹಂಚುತ್ತಾನೆ. ಅದೇ ಹುಡುಗನನ್ನು ಗಲ್ಲಾದ ಮೇಲೆ ಕೂರಿಸಿ, 'ಅಸಲಿನ ಮೇಲೆ ನೂರಕ್ಕೆ ಇಪ್ಪತ್ತೈದು ಲಾಭ ಇಟ್ಟು ರೇಟು ಹೇಳಪ್ಪಾ' ಅಂದರೆ ತಲೆ ಕೆರೆದುಕೊಳ್ಳುತ್ತಾನೆ. ತಪ್ಪು ಹುಡುಗನದೋ, ಪ್ರಶ್ನೆ ಕೇಳಿದವರದೋ?

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂತು. ಪಕ್ಕದವನ ಹಾಳೆಗೆ ಇಣುಕುವವನನ್ನು ಕ್ಯಾಮರಾ ಹಿಡಿದೀತು. ಉರು ಹೊಡೆದು ಬಂದವನನ್ನು ಯಾವ ಕ್ಯಾಮರಾ ಹಿಡಿಯುತ್ತೆ? ಅವನನ್ನು ಹಿಡಿಯಬೇಕಾದ್ದು ಪ್ರಶ್ನೆಯೇ. ಆ ಕೆಲಸ ಶುರುವಾಗಬೇಕಾದ್ದು ವರ್ಷಪೂರ್ತಿ ನಡೆಯುವ ತರಗತಿಯ ಕಿರುಪರೀಕ್ಷೆಗಳಲ್ಲಿ.

ಉಪಾಯ ಹೊಸದಲ್ಲ. ಅಂಗಡಿಯ ಬಿಲ್ ಪುಸ್ತಕ ನೋಡಿ. ಅಚ್ಚಾದ ಮಾತು ಎಲ್ಲ ಹಾಳೆಯಲ್ಲೂ ಒಂದೇ. ಗಿರಾಕಿಯ ಹೆಸರು, ಮೊಬಲಗು ಮಾತ್ರ ಬೇರೆ. ಪ್ರಶ್ನೆಯನ್ನೂ ಹಾಗೇ ಅಚ್ಚು ಹಾಕಬಹುದು. ಮಾತು ಕಾಯಂ, ಅಂಕಿಯ ಜಾಗ ಖಾಲಿ. ಆ ಖಾಲಿ ಜಾಗಕ್ಕೇ ಗಣಿತದ ಮೇಷ್ಟ್ರು ಚರಾಕ್ಷರ ಅನ್ನುವುದು.

ಕಂಪ್ಯೂಟರ್ ಇಲ್ಲ ಎಂಬ ನೆಪ ಬೇಡ. ಹಾಜರಿ ನಂಬರನ್ನು 20ರಿಂದ ಗುಣಿಸಿ 400 ಕೂಡಿಸಿದರೆ ಬರುವುದು ಅಸಲು. ನೂರಕ್ಕೆ 25 ಲಾಭಕ್ಕೆ ಎಷ್ಟಕ್ಕೆ ಮಾರಬೇಕು? ಪ್ರಶ್ನೆ ಕರಿಹಲಗೆಯ ಮೇಲೆ ಒಂದೇ, ಉತ್ತರ ತಲೆಗೊಂದು. 7ನೇ ನಂಬರಿನವನದು 675 ರೂಪಾಯಿ, 8ನೇ ನಂಬರಿನವನದು 700. ಎಂಟರವನ ಹಾಳೆಯಲ್ಲಿ 675 ಕಂಡರೆ ಪಂಚಾಯ್ತಿಯೇ ಬೇಡ! ತಿದ್ದುವುದೂ ಸಲೀಸು: ನಂಬರನ್ನು 25ರಿಂದ ಗುಣಿಸಿ 500 ಕೂಡಿಸಿದರೆ ಮೇಷ್ಟ್ರ ಕೈಗೆ ಸರಿಯುತ್ತರ.

ಹಾಗಂತ ಕಂಡ ಕಂಡ ಅಂಕಿ ತುರುಕಿದರೆ ಆಗದು. ಅಸಲು 437 ಎಂದು ಬಿದ್ದರೆ ಉತ್ತರ 546 ರೂಪಾಯಿ 25 ಪೈಸೆ. ಪಕ್ಕದವನಿಗೆ ಸುಲಭ, ಇವನಿಗೆ ತಲೆನೋವು. ಇದು ನ್ಯಾಯವಲ್ಲ. ಅಸಲು 100 ಎಂದು ಬಿದ್ದರೆ ಇನ್ನೊಂದು ಫಜೀತಿ. ಶೇಕಡಾ ಎಂದರೇನೆಂದೇ ತಿಳಿಯದೆ ನೂರಕ್ಕೆ ಇಪ್ಪತ್ತೈದು ಕೂಡಿಸಿದವನಿಗೂ 125 ಎಂಬ ಸರಿಯುತ್ತರ ಸಿಕ್ಕಿಬಿಡುತ್ತೆ! ಯಾವ ಅಂಕಿ ಸಲ್ಲುತ್ತದೆ, ಯಾವುದು ಸಲ್ಲದು ಎಂದು ಮೊದಲೇ ಆರಿಸಿಡುವುದೇ ಮೇಷ್ಟ್ರ ನಿಜವಾದ ಕಸುಬು. ಅಂಕಿಯೊಂದನ್ನೇ ಬದಲಿಸಿದರೂ ಸಾಲದು. ಹುಡುಗರು ಆ ಅಚ್ಚನ್ನೇ ಉರು ಹೊಡೆದಾರು. ಒಮ್ಮೊಮ್ಮೆ ಮಾರಿದ ಬೆಲೆ ಕೊಟ್ಟು ಅಸಲು ಕೇಳಬೇಕು.

ಕಂಪ್ಯೂಟರ್ ಇರುವ ಶಾಲೆಗಳಿಗೆ ಹಾದಿ ಇನ್ನೂ ಹಗುರ. 2002ರಲ್ಲಿ ಹೊರಬಂದ ಮೂಡಲ್ ಎಂಬ ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ. ಅದರಲ್ಲಿ ಪ್ರಶ್ನೆಯ ಅಚ್ಚು, ಅಂಕಿಗಳ ಮಿತಿ, ಉತ್ತರದ ಸೂತ್ರ ಬರೆದಿಟ್ಟರೆ ಮಗುವಿಗೊಂದು ಲೆಕ್ಕ ತಾನೇ ಹೊರಬೀಳುತ್ತದೆ. ಹತ್ತು ಅಸಲು, ಆರು ಲಾಭದ ದರ ಇಟ್ಟರೆ ಅರವತ್ತು ಬೇರೆ ಬೇರೆ ಲೆಕ್ಕ!

ನೃಪತುಂಗನ ಕಾಲದ ಮಹಾವೀರಾಚಾರ್ಯ ಒಂಬತ್ತನೇ ಶತಮಾನದಲ್ಲೇ 'ಗಣಿತಸಾರಸಂಗ್ರಹ'ದಲ್ಲಿ ಮೊದಲು ಸೂತ್ರ ಹೇಳಿ, ಆಮೇಲೆ ಬೇರೆ ಬೇರೆ ಅಂಕಿಯ ಲೆಕ್ಕಗಳನ್ನು ಸಾಲಾಗಿ ಕೊಟ್ಟಿದ್ದಾನೆ. ಆ ನಾಡಿನ ಮಕ್ಕಳು ಇಂದು ಗೈಡಿನ ಒಂದೇ ಲೆಕ್ಕಕ್ಕೆ ಜೋತುಬಿದ್ದಿರುವುದು ಶೋಭೆ ತರುವ ಸಂಗತಿಯಲ್ಲ.

ಜಿಲ್ಲೆಯ ಶಿಕ್ಷಣ ಇಲಾಖೆ ಇದಕ್ಕೆ ಸುತ್ತೋಲೆ ಹೊರಡಿಸಿ ಕೈತೊಳೆದುಕೊಂಡರೆ ಸಾಲದು. ಪ್ರತಿ ತಾಲ್ಲೂಕಿನ ಗಣಿತ ಶಿಕ್ಷಕರನ್ನು ಒಂದು ದಿನ ಕೂರಿಸಿ, ಪಾಠಕ್ಕೆ ಐದೈದು ಅಚ್ಚು ಮಾಡಿಸಿ, ಎಲ್ಲ ಶಾಲೆಗೂ ಹಂಚಲಿ. ಖರ್ಚು ಒಂದಿಷ್ಟು ಕಾಗದ, ಒಂದಿಷ್ಟು ಚಹಾ. ಅಷ್ಟು ಮಾಡಿದರೆ ನಾಳೆ ಗಲ್ಲಾದ ಮೇಲೆ ಕೂರುವ ಹುಡುಗ ಗಿರಾಕಿಗೂ ಮೋಸ ಮಾಡಲಾರ, ತಾನೂ ಮೋಸ ಹೋಗಲಾರ.